ಬೇಡದ ಚಾನೆಲ್ಲಿಗೂ ಕಾಸು ಕೊಡಬೇಕೆ?
ಕರ್ನಾಟಕದ ಕೇಬಲ್ ಚಂದಾದಾರರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಚಂದಾದಾರರೇ,

1964ರ ಡಿಸೆಂಬರ್ 17ರಂದು ನೆದರ್ಲ್ಯಾಂಡ್ಸಿನ ನೂರ್ಡ್‌ವೈಕ್ ಎಂಬ ಕಡಲ ತೀರದ ಊರಿನೆದುರು ಒಂದು ಘಟನೆ ನಡೆಯಿತು. ದಡದಿಂದ ಸುಮಾರು ಹತ್ತು ಕಿಲೋಮೀಟರ್ ದೂರ, ಉತ್ತರ ಸಮುದ್ರದ ನೀರಿನಲ್ಲಿ ಉಕ್ಕಿನ ಕಾಲುಗಳ ಮೇಲೆ ನಿಂತಿದ್ದ ಒಂದು ಅಟ್ಟಣೆಗೆ ಹೆಲಿಕಾಪ್ಟರಿನಿಂದ ಸಶಸ್ತ್ರ ಪೊಲೀಸರು ಇಳಿದರು. ಅಲ್ಲಿ ಕಳ್ಳಮಾಲು ಇರಲಿಲ್ಲ, ಮದ್ದುಗುಂಡು ಇರಲಿಲ್ಲ. ಇದ್ದದ್ದು ಒಂದು ಟಿವಿ ಕೇಂದ್ರ. ಪೊಲೀಸರು ಅದರ ಪ್ರಸಾರ ನಿಲ್ಲಿಸಿದರು.

ತಿಂಗಳು ಹುಟ್ಟುತ್ತಲೇ ಕೇಬಲ್‌ನವರಿಗೆ ಹಣ ಎಣಿಸಿ ಕೊಡುವ ನಿಮಗೂ ಆ ಕಡಲಿನ ಅಟ್ಟಣೆಗೂ ಏನು ಸಂಬಂಧ? ಟಿವಿ ನೋಡುವವರು ಯಾವುದಕ್ಕೆ ಹಣ ಕೊಡಬೇಕು, ಯಾರಿಗೆ ಕೊಡಬೇಕು, ಎಷ್ಟು ಕೊಟ್ಟರೆ ನ್ಯಾಯ ಎಂಬ ಪ್ರಶ್ನೆಯನ್ನು ಅಲ್ಲಿನ ಜನ ಅರವತ್ತು ವರ್ಷಗಳ ಹಿಂದೆಯೇ ಎತ್ತಿದರು. ಸಂಸತ್ತಿನಲ್ಲಿ, ನ್ಯಾಯಾಲಯದಲ್ಲಿ, ಕೊನೆಗೆ ತಮ್ಮ ಮನೆಯ ಬಿಲ್ಲಿನ ಮೇಲೂ ಅದನ್ನು ಎತ್ತಿದರು. ನಮ್ಮಲ್ಲಿ ಆ ಪ್ರಶ್ನೆ ಕೇಬಲ್‌ನವರ ಜೊತೆ ಬಾಗಿಲಲ್ಲಿ ನಿಂತು ಆಡುವ ಎರಡು ಮಾತಿಗಿಂತ ಮುಂದೆ ಹೋಗಿಲ್ಲ. ಅದು ಮುಂದೆ ಹೋಗಲಿ ಎಂಬುದೇ ಈ ಪತ್ರದ ಉದ್ದೇಶ.

ಆ ಅಟ್ಟಣೆಗೆ ಜನ ಇಟ್ಟ ಹೆಸರು ರೆಮ್ ದ್ವೀಪ. ರೆಮ್ ಎಂಬುದು ಅದನ್ನು ನಡೆಸುತ್ತಿದ್ದ ಜಾಹೀರಾತು ಕಂಪನಿಯ ಹೆಸರಿನ ಮೊದಲಕ್ಷರಗಳು. ಹಡಗು ಕಟ್ಟುವ ಉದ್ಯಮಿ ಕಾರ್ನೆಲಿಸ್ ವೆರೋಲ್ಮೆ ಇದರ ಹಿಂದಿದ್ದರು. ಐರ್ಲೆಂಡಿನ ಕಾರ್ಕ್‌ನಲ್ಲಿದ್ದ ಅವರ ಹಡಗುಕಟ್ಟೆಯಲ್ಲಿ ಅಟ್ಟಣೆ ಸಿದ್ಧವಾಯಿತು. ಅಲ್ಲಿಂದ ಸಮುದ್ರದ ಮೇಲೆ ಎಳೆದು ತಂದು ನೂರ್ಡ್‌ವೈಕ್ ಎದುರು ನಿಲ್ಲಿಸಿದರು. 1964ರ ಬೇಸಿಗೆಯಲ್ಲಿ ಮೊದಲು ರೇಡಿಯೋ, ಆಗಸ್ಟ್‌ನಲ್ಲಿ 'ಟಿವಿ ನೂರ್ಡ್‌ಜೇ' ಶುರುವಾದವು. ಆಗ ಡಚ್ಚರ ಸಾಗರ ಗಡಿ ಇದ್ದದ್ದು ಮೂರು ನಾಟಿಕಲ್ ಮೈಲಿವರೆಗೆ ಮಾತ್ರ. ಅದರಾಚೆ ನಿಂತರೆ ದೇಶದ ಕಾನೂನು ತಾಕುವುದಿಲ್ಲ ಎಂಬುದು ಕಂಪನಿಯ ಲೆಕ್ಕ.

ಜನ ಅದನ್ನು ಯಾಕೆ ಮೆಚ್ಚಿದರು ಎಂದು ತಿಳಿಯಲು ಅವತ್ತಿನ ಡಚ್ ಟಿವಿಯನ್ನು ನೆನೆಯಬೇಕು. 1951ರಲ್ಲಿ ಶುರುವಾದ ಟಿವಿಗೆ 1964ರ ಅಕ್ಟೋಬರ್ 1ರವರೆಗೆ ಇದ್ದದ್ದು ಒಂದೇ ಚಾನೆಲ್. ಆ ಒಂದೇ ಚಾನೆಲ್ಲಿನ ಹೊತ್ತನ್ನು ಕ್ಯಾಥೊಲಿಕ್, ಪ್ರಾಟೆಸ್ಟೆಂಟ್, ಸಮಾಜವಾದಿ, ಉದಾರವಾದಿ ಬಣಗಳ ಪ್ರಸಾರ ಸಂಘಗಳು ಹಂಚಿಕೊಂಡಿದ್ದವು. ಜಾಹೀರಾತು ನಿಷಿದ್ಧ. ಖರ್ಚಿಗೆ ಮನೆಮನೆಯಿಂದ ಟಿವಿ ಶುಲ್ಕ. ಇಂಥ ಹೊತ್ತಿನಲ್ಲಿ ಕಡಲಿನಿಂದ ಮಾತನಾಡುವ ಕುದುರೆಯ 'ಮಿಸ್ಟರ್ ಎಡ್'ನಂಥ ಅಮೆರಿಕನ್ ಸರಣಿಗಳು ಬಂದವು. ನೋಡಲು ಚಂದಾ ಬೇಕಿರಲಿಲ್ಲ. ಮನೆಯ ಮೇಲೆ ತಕ್ಕ ಆಂಟೆನಾ ಒಂದು ನಿಲ್ಲಿಸಿಕೊಂಡರೆ ಆಯಿತು. ಮಿಕ್ಕ ಖರ್ಚು ಜಾಹೀರಾತುದಾರರದು.

ಆ ವ್ಯವಹಾರದಲ್ಲಿ ಒಂದು ಗುಣವಿತ್ತು. ತಾವು ಏನು ಕೊಡುತ್ತಿದ್ದೇವೆಂದು ನೋಡುವವರಿಗೆ ಪೂರ್ತಿ ಗೊತ್ತಿತ್ತು. ಒಂದು ಸಲ ಆಂಟೆನಾಕ್ಕೆ ಹಣ, ಆಮೇಲೆ ಜಾಹೀರಾತು ನೋಡುವಷ್ಟು ಹೊತ್ತು. ಅಷ್ಟೇ. ಸರ್ಕಾರದ ವಾದವೂ ಪೊಳ್ಳಾಗಿರಲಿಲ್ಲ: ಜಾಹೀರಾತುದಾರ ಖರ್ಚು ಹಾಕಿದರೆ ಏನು ಪ್ರಸಾರವಾಗಬೇಕೆಂದು ತೀರ್ಮಾನಿಸುವವನೂ ಅವನೇ ಆಗುತ್ತಾನೆ ಎಂಬ ಭಯ. ಆ ಭಯ ಸುಳ್ಳಲ್ಲ ಎಂಬುದು ಇವತ್ತಿನ ನಮ್ಮ ಧಾರಾವಾಹಿ, ರಿಯಾಲಿಟಿ ಶೋಗಳನ್ನು ನೋಡಿದವರಿಗೆ ಗೊತ್ತಿದೆ. ಏನೇ ಇರಲಿ, ಡಚ್ ಸಂಸತ್ತು ಒಂದು ದಾರಿ ಕಂಡುಕೊಂಡಿತು. ಹಡಗು ತೇಲುತ್ತದೆ, ಅಟ್ಟಣೆ ಹಾಗಲ್ಲ. ಅದು ಕಡಲ ತಳಕ್ಕೆ ಕಾಲೂರಿ ನಿಂತಿದೆ. ಆ ತಳಕ್ಕೆ ತಾಗಿ ಕಟ್ಟಿದ ಕಟ್ಟೋಣಗಳಿಗೂ ದೇಶದ ಕಾನೂನು ಅನ್ವಯಿಸುತ್ತದೆ ಎಂದು ಡಿಸೆಂಬರಿನ ಮೊದಲಲ್ಲಿ ಕಾಯಿದೆ ಮಾಡಿದರು. ಎರಡು ವಾರ ಕಳೆಯುವಷ್ಟರಲ್ಲಿ ಹೆಲಿಕಾಪ್ಟರ್ ಬಂತು.

ಪ್ರಸಾರ ನಿಂತರೂ ಜಗಳ ನಿಲ್ಲಲಿಲ್ಲ. ಟಿವಿಯಲ್ಲಿ ಜಾಹೀರಾತು ಬೇಕೋ ಬೇಡವೋ, ಖಾಸಗಿಯವರಿಗೆ ಅವಕಾಶ ಕೊಡಬೇಕೋ ಬಾರದೋ ಎಂಬ ಜಗಳದಲ್ಲೇ 1965ರ ಫೆಬ್ರವರಿಯಲ್ಲಿ ಪ್ರಧಾನಿ ಮರೈನೆನ್ ಅವರ ಸರ್ಕಾರ ಬಿತ್ತು. ಟಿವಿ ನೂರ್ಡ್‌ಜೇ ಕಡೆಯವರು ಕಟ್ಟಿದ 'ಟ್ರಾಸ್' ಸಂಸ್ಥೆ 1966ರಲ್ಲಿ ಅಧಿಕೃತ ಪ್ರಸಾರ ಸಂಸ್ಥೆಯಾಗಿ ಒಳಗೆ ಬಂತು. 1967ರ ಜನವರಿಯಲ್ಲಿ ಸಾರ್ವಜನಿಕ ವ್ಯವಸ್ಥೆಯ ಟಿವಿಯಲ್ಲೇ ಜಾಹೀರಾತು ಕಾಣಿಸಿಕೊಂಡಿತು. ಆದರೆ ಟಿವಿ ಶುಲ್ಕ ರದ್ದಾಗಲಿಲ್ಲ; ಅದು ಹೋಗಲು 2000ನೇ ಇಸವಿಯೇ ಬರಬೇಕಾಯಿತು. ಅಂದರೆ 1967ರಿಂದ ಡಚ್ ಮನೆಗಳು ಶುಲ್ಕವನ್ನೂ ಕಟ್ಟಿದವು, ಜಾಹೀರಾತನ್ನೂ ನೋಡಿದವು. ಒಂದೇ ಕಾರ್ಯಕ್ರಮಕ್ಕೆ ಎರಡು ಕಡೆಯಿಂದ ವಸೂಲಿ.

ಇದರ ಮೇಲೆ ಕೇಬಲ್ ಬಂತು. ಮನೆಗಳ ಸೂರಿನ ಮೇಲೆ ಆಂಟೆನಾಗಳ ಕಾಡು ಬೇಡ, ಬಡಾವಣೆಗೆಲ್ಲ ಸೇರಿ ಒಂದೇ ದೊಡ್ಡ ಆಂಟೆನಾ ಇರಲಿ, ಅಲ್ಲಿಂದ ಮನೆಮನೆಗೆ ತಂತಿ ಎಳೆಯೋಣ ಎಂದು ನಗರಸಭೆಗಳು, ವಸತಿ ಸಂಘಗಳು ಹೊರಟವು. ಬೆಲ್ಜಿಯಂ, ಜರ್ಮನಿಯ ಚಾನೆಲ್‌ಗಳೂ ತಂತಿಯಲ್ಲಿ ಬಂದವು. 1990ರ ದಶಕದ ಹೊತ್ತಿಗೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಡಚ್ ಮನೆಗಳಿಗೆ ಕೇಬಲ್ ಇತ್ತು. ಹೊರದೇಶದ ಚಾನೆಲ್‌ಗಳು ಡಚ್ಚರಿಗೆಂದೇ ಜಾಹೀರಾತು ಹಾಕಬಾರದೆಂದು ಸರ್ಕಾರ ಮಾಡಿದ್ದ ನಿಯಮವನ್ನು ಯುರೋಪಿನ ನ್ಯಾಯಾಲಯ 1988ರಲ್ಲಿ ಒಪ್ಪಲಿಲ್ಲ. ಮರುವರ್ಷವೇ ಲಕ್ಸೆಂಬರ್ಗಿನ ಹೆಸರಿನಲ್ಲಿ ಡಚ್ ಭಾಷೆಯ ಖಾಸಗಿ ಚಾನೆಲ್ ಕೇಬಲ್ ಹಿಡಿದು ಮನೆಯೊಳಗೆ ಬಂತು. 1964ರಲ್ಲಿ ಕಡಲಿನಿಂದ ಬರಬಾರದು ಎಂದದ್ದೇ 1989ರಲ್ಲಿ ನೆಲದಡಿಯ ತಂತಿಯಲ್ಲಿ ಬಂತು, ಈ ಬಾರಿ ತಂತಿಗೆ ತಿಂಗಳ ಬಾಡಿಗೆ ಸಮೇತ.

ತಂತಿಯ ಬಾಡಿಗೆಯ ಬಗ್ಗೆ ಜನರಿಗೆ ತಕರಾರು ಇರಲಿಲ್ಲ. ತಕರಾರು ಎದ್ದದ್ದು 1996ರಲ್ಲಿ. ಆ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅದು ನಿಮ್ಮ ಕಥೆಯೂ ಹೌದು.

ಡಚ್ ಫುಟ್ಬಾಲ್ ಸಂಸ್ಥೆ ತನ್ನ ಪಂದ್ಯಗಳ ಪ್ರಸಾರದ ಹಕ್ಕನ್ನು 'ಸ್ಪೋರ್ಟ್ 7' ಎಂಬ ಹೊಸ ಚಾನೆಲ್ಲಿಗೆ ಏಳು ವರ್ಷಕ್ಕೆ ಕೊಟ್ಟಿತು. ಬೆಲೆ ನೂರು ಕೋಟಿ ಗಿಲ್ಡರ್‌ಗೂ ಹೆಚ್ಚು. ಫಿಲಿಪ್ಸ್, ಕೆಪಿಎನ್, ಎಂಡೆಮಾಲ್‌ನಂಥ ದೊಡ್ಡ ಸಂಸ್ಥೆಗಳು ಅದರಲ್ಲಿ ಪಾಲುದಾರರು. ಇಷ್ಟು ದೊಡ್ಡ ಮೊತ್ತವನ್ನು ಹಿಂದಕ್ಕೆ ಪಡೆಯುವ ಉಪಾಯ ಸರಳವಾಗಿತ್ತು: ಪ್ರತಿ ಕೇಬಲ್ ಮನೆಯಿಂದ ತಿಂಗಳಿಗೆ ಎರಡು ಗಿಲ್ಡರ್. ಫುಟ್ಬಾಲ್ ನೋಡುವ ಮನೆಯಿಂದ ಮಾತ್ರವಲ್ಲ, ಎಲ್ಲ ಮನೆಯಿಂದ. ಚೆಂಡಾಟದ ಗಂಧಗಾಳಿ ಇಲ್ಲದ ಅಜ್ಜಿಯ ಮನೆಯಿಂದಲೂ. ಮೂಲ ಪ್ಯಾಕೇಜಿನಲ್ಲೇ ಚಾನೆಲ್ಲನ್ನು ಸೇರಿಸಿಬಿಟ್ಟರೆ ಯಾರೂ ಬೇಡ ಎನ್ನುವ ಹಾಗಿಲ್ಲ.

ಎರಡು ಗಿಲ್ಡರ್ ಯಾರ ಮನೆಯನ್ನೂ ಮುಳುಗಿಸುವ ಮೊತ್ತವಲ್ಲ. ಆದರೂ ಜನ ತಿರುಗಿಬಿದ್ದರು. ನಿನ್ನೆಯವರೆಗೆ ಶುಲ್ಕ ಕಟ್ಟಿ ನೋಡುತ್ತಿದ್ದ ಫುಟ್ಬಾಲನ್ನೇ ಕಿತ್ತುಕೊಂಡು ಇಂದು ಮತ್ತೆ ನಮಗೇ ಮಾರುತ್ತಿದ್ದೀರಿ, ಅದೂ ಕೇಳದವರ ಜೇಬಿಗೂ ಕೈ ಹಾಕಿ ಎಂಬ ಸಿಟ್ಟು ಅವರದು. ಕೆಲವು ಕೇಬಲ್ ಸಂಸ್ಥೆಗಳೂ ಈ ಹೊರೆ ಹೊರಲು ಹಿಂಜರಿದವು. ಪಂದ್ಯಗಳ ಹಕ್ಕು ಫುಟ್ಬಾಲ್ ಸಂಸ್ಥೆಯದಲ್ಲ, ನಮ್ಮದು ಎಂದು ಫೆಯೆನೂರ್ಡ್ ಫುಟ್ಬಾಲ್ ಕ್ಲಬ್ ನ್ಯಾಯಾಲಯಕ್ಕೆ ಹೋಯಿತು. ಆಗಸ್ಟ್ 18ರಂದು ಶುರುವಾದ ಚಾನೆಲ್ ಡಿಸೆಂಬರ್ 8ಕ್ಕೆ ಮುಚ್ಚಿತು. ನಾಲ್ಕು ತಿಂಗಳೂ ತುಂಬಲಿಲ್ಲ.

ಸೋತದ್ದು ಫುಟ್ಬಾಲ್ ಅಲ್ಲ. ಹಣ ಕೊಟ್ಟು ಫುಟ್ಬಾಲ್ ನೋಡುವ ಚಾನೆಲ್‌ಗಳು ಆ ದೇಶದಲ್ಲಿ ಮುಂದೆಯೂ ಬಂದವು, ಬೇಕಾದವರು ಕೊಂಡರು, ಯಾರೂ ಬೀದಿಗಿಳಿಯಲಿಲ್ಲ. ಬೇಕಾದವನು ಕೊಳ್ಳುವುದಕ್ಕೂ ಬೇಡದವನ ಮೇಲೆ ಹೇರುವುದಕ್ಕೂ ಇರುವ ವ್ಯತ್ಯಾಸವನ್ನು ಡಚ್ ಚಂದಾದಾರರು ಬಹಳ ಸ್ಪಷ್ಟವಾಗಿ ಕಂಡರು. ಕೇಬಲ್ ಚಂದಾ ನ್ಯಾಯವೇ ಅನ್ಯಾಯವೇ ಎಂಬ ಪ್ರಶ್ನೆಗೆ ಇಷ್ಟು ನೇರವಾದ ಜನತೀರ್ಪು ಸಿಗುವುದು ಅಪರೂಪ.

ಇನ್ನೊಂದು ಒಳ್ಳೆಯ ಪದ್ಧತಿಯೂ ಅಲ್ಲಿತ್ತು. ಮೂಲ ಪ್ಯಾಕೇಜಿನಲ್ಲಿ ಕನಿಷ್ಠ ಯಾವ 15 ಟಿವಿ ಚಾನೆಲ್, ಯಾವ 25 ರೇಡಿಯೋ ಇರಬೇಕೆಂದು ಸಲಹೆ ಕೊಡಲು ನಗರಸಭೆಗಳು ನಾಗರಿಕರ ಕಾರ್ಯಕ್ರಮ ಮಂಡಳಿಗಳನ್ನು ನೇಮಿಸುತ್ತಿದ್ದವು. ಊರಿನವರೇ ಕುಳಿತು ನಮ್ಮೂರಿಗೆ ಯಾವ ಚಾನೆಲ್ ಬೇಕು ಎಂದು ಹೇಳುವ ವ್ಯವಸ್ಥೆ. 2014ರಿಂದ ಅದು ಹೋಗಿ, ದೊಡ್ಡ ಸಂಸ್ಥೆಗಳು ಕನಿಷ್ಠ 30 ಚಾನೆಲ್ ಕೊಡಬೇಕೆಂಬ ನಿಯಮ ಬಂತು. ಸಂಖ್ಯೆ ಹೆಚ್ಚಿತು, ಊರಿನವರ ಮಾತು ಕಡಿಮೆಯಾಯಿತು.

ಎಲ್ಲ ಹೋರಾಟದಲ್ಲೂ ಅಲ್ಲಿನ ಚಂದಾದಾರರು ಗೆಲ್ಲಲಿಲ್ಲ. ಹಿಲ್ವರ್ಸಮ್ ನಗರಸಭೆ 1996ರಲ್ಲಿ ತನ್ನ ಕೇಬಲ್ ಜಾಲವನ್ನು ಮಾರುವಾಗ ಮೂಲ ಪ್ಯಾಕೇಜಿನ ದರವನ್ನು ಮನಬಂದಂತೆ ಏರಿಸಬಾರದೆಂಬ ಷರತ್ತು ಹಾಕಿತ್ತು. ಜಾಲ ಮುಂದೆ ಯುಪಿಸಿ ಕಂಪನಿಯ ಕೈಗೆ ಬಂತು, ಷರತ್ತಿನ ಮೇಲೆ ವ್ಯಾಜ್ಯವೂ ಬಂತು. ನಿಯಂತ್ರಣ ಪ್ರಾಧಿಕಾರವಲ್ಲದ ನಗರಸಭೆ ಹೀಗೆ ನೇರವಾಗಿ ದರಕ್ಕೆ ಕೈ ಹಾಕುವಂತಿಲ್ಲ ಎಂದು ಯುರೋಪಿನ ನ್ಯಾಯಾಲಯ 2013ರ ನವೆಂಬರ್ 7ರಂದು ಹೇಳಿತು. ಊರಿನ ಆಸ್ತಿಯನ್ನು ಮಾರಿದ ಮೇಲೆ ಊರಿಗೆ ಅದರ ಮೇಲಿನ ಹಿಡಿತವೂ ಹೋಯಿತು. ಆದರೂ ಒಂದು ಬಾಗಿಲು ತೆರೆದೇ ಉಳಿಯಿತು: 2006ರ ಡಿಸೆಂಬರಿನಲ್ಲಿ ಹಳೆಯ ಅನಲಾಗ್ ಪ್ರಸಾರ ನಿಲ್ಲಿಸಿದಾಗಲೂ ಸಾರ್ವಜನಿಕ ಚಾನೆಲ್‌ಗಳನ್ನು ಚಂದಾ ಇಲ್ಲದೆ ಡಿಜಿಟಲ್ ಆಂಟೆನಾದಿಂದ ನೋಡುವ ಅವಕಾಶ ಇಟ್ಟರು.

ಈಗ ಊರ ಕಡೆಗೆ ಬರೋಣ.

ನಮ್ಮಲ್ಲಿ ಕೇಬಲ್ ಬಂದದ್ದು ನಗರಸಭೆಯಿಂದಲ್ಲ, ದೊಡ್ಡ ಕಂಪನಿಯಿಂದಲೂ ಅಲ್ಲ. 1990ರ ದಶಕದಲ್ಲಿ ಬಡಾವಣೆಯ ಹುಡುಗರು ತಾರಸಿಯ ಮೇಲೆ ದೊಡ್ಡ ಡಿಶ್ ಇಟ್ಟು, ಕಂಬದಿಂದ ಕಂಬಕ್ಕೆ, ತೆಂಗಿನ ಮರದಿಂದ ಮಹಡಿಗೆ ತಂತಿ ಎಳೆದು ತಂದುಕೊಟ್ಟದ್ದು. 1994ರಲ್ಲಿ ಉದಯ ಟಿವಿ ಬಂದ ಮೇಲೆ ಆ ತಂತಿಗೆ ಕನ್ನಡದ ಮನೆಗಳಲ್ಲಿ ನಿಜವಾದ ಬೆಲೆ ಬಂತು. 1995ರಲ್ಲಿ ಕೇಬಲ್ ಕಾಯಿದೆ ಬಂತು. 2013ರಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು, ಆಮೇಲೆ ಹಳ್ಳಿಗಳಿಗೂ ಹಬ್ಬಿತು.

ಬಾಕ್ಸ್ ಬಂದರೆ ನೋಡುವ ಚಾನೆಲ್ಲಿಗೆ ಮಾತ್ರ ಹಣ ಎಂದು ನಿಮಗೆ ಮಾತು ಕೊಟ್ಟಿದ್ದರು. ಆ ಮಾತಿಗೆ ಕಾನೂನಿನ ರೂಪ ಕೊಡಲು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2017ರ ಮಾರ್ಚ್‌ನಲ್ಲಿ ಹೊಸ ದರ ಆದೇಶ ಹೊರಡಿಸಿತು. ಪ್ರಸಾರ ಸಂಸ್ಥೆಗಳು ನ್ಯಾಯಾಲಯಕ್ಕೆ ಹೋದವು. ಟ್ರಾಯ್‌ಗೆ ಈ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 30ರಂದು ಹೇಳಿತು. 2019ರ ಮೊದಲಲ್ಲಿ ಆದೇಶ ಜಾರಿಗೆ ಬಂತು. 100 ಚಾನೆಲ್ಲಿನವರೆಗೆ ನೆಟ್‌ವರ್ಕ್ ಶುಲ್ಕ 130 ರೂಪಾಯಿ, ಅದಕ್ಕೆ ಶೇ 18 ಜಿಎಸ್‌ಟಿ ಸೇರಿ 153 ರೂಪಾಯಿ 40 ಪೈಸೆ. ಅದರ ಮೇಲೆ ಬೇಕಾದ ಪೇ ಚಾನೆಲ್ಲನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಿ ಎಂದಿತು ಟ್ರಾಯ್.

ಆ 130 ರೂಪಾಯಿ ನ್ಯಾಯವೇ? ತಾತ್ವಿಕವಾಗಿ ನ್ಯಾಯವೇ. ಗಾಳಿಮಳೆಗೆ ತಂತಿ ಕಡಿದಾಗ ಕಂಬ ಹತ್ತುವವರು ನಿಮ್ಮ ಬೀದಿಯ ಕೇಬಲ್‌ನವರೇ, ಮುಂಬೈಯ ಚಾನೆಲ್ ಕಚೇರಿಯವರಲ್ಲ. ಬೇರೆ ಒಪ್ಪಂದವಿಲ್ಲದಿದ್ದರೆ ನೆಟ್‌ವರ್ಕ್ ಶುಲ್ಕದ ಶೇ 45 ಸ್ಥಳೀಯ ಕೇಬಲ್ ಆಪರೇಟರಿಗೆ ಸೇರಬೇಕೆಂದು ಟ್ರಾಯ್ ಹೇಳಿತ್ತು. 130ರಲ್ಲಿ ಅದು ಮನೆಯೊಂದಕ್ಕೆ 58 ರೂಪಾಯಿ 50 ಪೈಸೆ. ವಿದ್ಯುತ್ತು, ಕಂಬದ ಬಾಡಿಗೆ, ಇಬ್ಬರು ಹುಡುಗರ ಸಂಬಳ ಎಲ್ಲ ಹೆಚ್ಚಾಗಿ ಅದರಲ್ಲೇ ಆಗಬೇಕಿತ್ತು. ಬಿಲ್ ನೋಡಿ ಸಿಟ್ಟು ಬಂದಾಗ ಬಾಗಿಲಲ್ಲಿ ನಿಂತವರ ಮೇಲೆ ಹರಿಹಾಯುವುದು ಸುಲಭ, ಆದರೆ ಸಿಟ್ಟಿಗೆ ಅವರು ಸರಿಯಾದ ವಿಳಾಸವಲ್ಲ.

ಅನ್ಯಾಯ ಇರುವುದು ಹಲವು ಚಾನೆಲ್ಲನ್ನು ಒಟ್ಟಿಗೆ ಕಟ್ಟಿ ಮಾರುವ ಪ್ಯಾಕ್‌ನಲ್ಲಿ. ಪ್ಯಾಕಿಗೆ ಸೇರಿಸುವ ಚಾನೆಲ್ಲಿನ ಬಿಡಿ ಬೆಲೆ 19 ರೂಪಾಯಿ ಮೀರಬಾರದೆಂದು ನಿಯಮ ಮಾಡಿದಾಗ ಹಲವು ಜನಪ್ರಿಯ ಮನರಂಜನಾ ಚಾನೆಲ್‌ಗಳು ಸರಿಯಾಗಿ 19 ರೂಪಾಯಿಗೇ ಬೆಲೆ ಕಟ್ಟಿದವು. ಬಿಡಿಯಾಗಿ ನಾಲ್ಕೈದು ತೆಗೆದುಕೊಂಡರೆ ಪ್ಯಾಕಿಗಿಂತ ದುಬಾರಿ. ಪ್ಯಾಕಿನ ರಿಯಾಯಿತಿ ಶೇ 15 ಮೀರಬಾರದೆಂದು ಟ್ರಾಯ್ ಹಾಕಿದ್ದ ಮಿತಿಯನ್ನು ಮದ್ರಾಸ್ ಹೈಕೋರ್ಟ್ ರದ್ದು ಮಾಡಿತ್ತು. ಹಾಗಾಗಿ ಬಿಡಿ ಬೆಲೆಗಳ ಮೊತ್ತದ ಮೇಲೆ ಶೇ 70ರವರೆಗೂ ರಿಯಾಯಿತಿ ಕೊಟ್ಟ ಪ್ಯಾಕ್‌ಗಳಿವೆ ಎಂದು ಟ್ರಾಯ್ ತಾನೇ 2019ರಲ್ಲಿ ಬರೆಯಿತು. ಸಂತೆಯಲ್ಲಿ ಕಾಲು ಕೆ.ಜಿ. ಹುರುಳಿಕಾಯಿ ಕೇಳಿದವರಿಗೆ ಬುಟ್ಟಿ ತರಕಾರಿ ಕೊಂಡರೆ ಅಗ್ಗ ಎಂದು ಬುಟ್ಟಿಯನ್ನೇ ಹೊರಿಸಿ ಕಳಿಸಿದ ಹಾಗೆ. ಕಾಗದದ ಮೇಲೆ ಆಯ್ಕೆ ನಿಮ್ಮದು. ಲೆಕ್ಕ ಹಾಕಿದರೆ ಆಯ್ಕೆಯೇ ಇಲ್ಲ. ಡಚ್ಚರ ಎರಡು ಗಿಲ್ಡರ್ ಕಡ್ಡಾಯ ಎಂದು ಬಂದದ್ದು ನಮ್ಮಲ್ಲಿ ರಿಯಾಯಿತಿ ಎಂದು ಬಂದಿದೆ, ಅದಕ್ಕೇ ನಮಗೆ ಸಿಟ್ಟು ಬರಲಿಲ್ಲ.

ಟ್ರಾಯ್ ಸುಮ್ಮನೆ ಕೂರಲಿಲ್ಲ. 2020ರ ಜನವರಿಯಲ್ಲಿ ಪ್ಯಾಕಿನ ಚಾನೆಲ್ಲಿನ ಬೆಲೆಯ ಮಿತಿಯನ್ನು 12 ರೂಪಾಯಿಗೆ ಇಳಿಸಿ, 130 ರೂಪಾಯಿಗೆ 200 ಚಾನೆಲ್ ಕೊಡಿ ಎಂದಿತು. ಮತ್ತೆ ನ್ಯಾಯಾಲಯ, ಮತ್ತೆ ವರ್ಷಗಟ್ಟಲೆ ಎಳೆದಾಟ. 2022ರ ನವೆಂಬರಿನಲ್ಲಿ ಮಿತಿ ಮತ್ತೆ 19ಕ್ಕೆ ಏರಿತು, ಪ್ಯಾಕಿನ ರಿಯಾಯಿತಿ ಶೇ 45ರವರೆಗೆ ಇರಬಹುದು ಎಂದಾಯಿತು. 2024ರ ಜುಲೈನಲ್ಲಿ ನೆಟ್‌ವರ್ಕ್ ಶುಲ್ಕದ ಗರಿಷ್ಠ ಮಿತಿಯನ್ನೇ ತೆಗೆದರು. ಎಷ್ಟು ವಸೂಲು ಮಾಡಬೇಕೆಂಬುದು ಈಗ ಸಂಸ್ಥೆಗಳಿಗೇ ಬಿಟ್ಟ ವಿಷಯ. ಈ ಎಲ್ಲ ಎಳೆದಾಟದಲ್ಲಿ ವಕೀಲರನ್ನು ಇಟ್ಟುಕೊಂಡವರು ಪ್ರಸಾರ ಸಂಸ್ಥೆಗಳು, ದೊಡ್ಡ ಕೇಬಲ್ ಸಂಸ್ಥೆಗಳು. ಚಂದಾದಾರರ ದನಿ ಎಲ್ಲಿ ಕೇಳಿತು?

ಪ್ಯಾಕ್ ಇಲ್ಲದಿದ್ದರೆ ಸಣ್ಣ ಚಾನೆಲ್‌ಗಳು ಬದುಕುವುದಿಲ್ಲ ಎಂಬ ವಾದವೊಂದಿದೆ. ಅದನ್ನು ತಳ್ಳಿಹಾಕುವಂತಿಲ್ಲ, ಓದುಗರು ಕಡಿಮೆ ಇರುವ ಪುಸ್ತಕಕ್ಕೂ ಗ್ರಂಥಾಲಯದಲ್ಲಿ ಜಾಗ ಬೇಕು. ಆದರೆ ಕನ್ನಡದ ಹಲವು ಸುದ್ದಿ ಚಾನೆಲ್‌ಗಳು ಫ್ರೀ-ಟು-ಏರ್, ಅಂದರೆ ಚಂದಾ ಇಲ್ಲದೆ ಸಿಗುವವು. ಪ್ಯಾಕಿನಿಂದ ಹೆಚ್ಚು ಲಾಭ ಪಡೆಯುವುದು ಸಣ್ಣ ಕನ್ನಡ ಚಾನೆಲ್ ಅಲ್ಲ, ಒಂದೇ ಸಂಸ್ಥೆಗೆ ಸೇರಿದ, ನಿಮ್ಮ ಮನೆಯಲ್ಲಿ ಯಾರೂ ಹಾಕದ ಹತ್ತಾರು ಚಾನೆಲ್‌ಗಳು.

ಜಾಹೀರಾತಿನ ಮಾತೂ ಇದೆ. ರೆಮ್ ದ್ವೀಪದ ಟಿವಿ ಜಾಹೀರಾತು ತೋರಿಸಿತು, ಚಂದಾ ಕೇಳಲಿಲ್ಲ. ನಮ್ಮ ಪೇ ಚಾನೆಲ್‌ಗಳು ಚಂದಾವನ್ನೂ ಪಡೆಯುತ್ತವೆ, ಜಾಹೀರಾತನ್ನೂ ತೋರಿಸುತ್ತವೆ. ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಬೇಡ ಎಂದು ಕೇಬಲ್ ನಿಯಮಗಳಲ್ಲೇ ಇದೆ. ಟ್ರಾಯ್ ಅದನ್ನು ಜಾರಿ ಮಾಡಲು ಹೊರಟಾಗ 2013ರಲ್ಲಿ ವಿಷಯ ದೆಹಲಿ ಹೈಕೋರ್ಟಿಗೆ ಹೋಯಿತು, ಸದ್ಯಕ್ಕೆ ಕ್ರಮ ಬೇಡ ಎಂಬ ಆದೇಶವಾಯಿತು. ಹಣ ಕೊಟ್ಟು ಕೊಂಡ ಚಾನೆಲ್ಲಿನಲ್ಲಿ ಧಾರಾವಾಹಿಗಿಂತ ಸಾಬೂನು ಹೆಚ್ಚು ಹೊತ್ತು ಕಂಡಂತೆ ಅನ್ನಿಸಿದರೆ ಅದು ನಿಮ್ಮ ಸಹನೆಯ ಕೊರತೆಯಲ್ಲ. 2024ರ ತಿದ್ದುಪಡಿಯಲ್ಲಿ ಒಂದು ಒಳ್ಳೆಯ ಅಂಶವಿದೆ: ದೂರದರ್ಶನದ ಡಿಡಿ ಫ್ರೀ ಡಿಶ್‌ನಲ್ಲಿ ಪುಕ್ಕಟೆ ಸಿಗುವ ಚಾನೆಲ್ಲಿಗೆ ಬೇರೆ ಕಡೆಯೂ ಹಣ ಪಡೆಯುವಂತಿಲ್ಲ. ಒಂದೇ ಚಾನೆಲ್ ಒಬ್ಬರಿಗೆ ಉಚಿತ, ಇನ್ನೊಬ್ಬರಿಗೆ ದುಡ್ಡಿಗೆ ಎಂಬ ತಾರತಮ್ಯಕ್ಕೆ ಅದು ಕಡಿವಾಣ.

ಸರ್ಕಾರವೇ ಕೇಬಲ್ ನಡೆಸಲಿ ಎನ್ನುವವರು ಗಡಿಯಾಚೆ ನೋಡಬಹುದು. ಹೊಸೂರು, ತಾಳವಾಡಿಯ ಕನ್ನಡ ಮನೆಗಳೂ ಇರುವ ತಮಿಳುನಾಡಿನಲ್ಲಿ ಸರ್ಕಾರಿ ಸಂಸ್ಥೆ ಅರಸು ಕೇಬಲ್ 2011ರಲ್ಲಿ ತಿಂಗಳಿಗೆ 70 ರೂಪಾಯಿಗೆ ಸಂಪರ್ಕ ಕೊಟ್ಟಿತು. ದರ ಇಳಿಸಬಹುದು ಎಂಬುದಕ್ಕೆ ಅದು ಸಾಕ್ಷಿ. ಆದರೆ ಸುದ್ದಿ ಬರುವ ತಂತಿಯೇ ಆಳುವ ಸರ್ಕಾರದ ಕೈಯಲ್ಲಿರುವುದು ಕ್ಷೇಮವಲ್ಲ. ಅಗ್ಗದ ಹೆಸರಿನಲ್ಲಿ ಆ ದಾರಿ ಹಿಡಿಯಬಾರದು.

ಆದ್ದರಿಂದ ಈ ಪತ್ರದ ತೀರ್ಮಾನ ಹೀಗಿದೆ. ತಂತಿಗೆ ಹಣ ಕೊಡುವುದು ನ್ಯಾಯ. ಆರಿಸಿಕೊಂಡ ಚಾನೆಲ್ಲಿಗೆ ಕೊಡುವುದೂ ನ್ಯಾಯ. ಆರಿಸದ ಚಾನೆಲ್ಲಿಗೆ ಕೊಡುವುದು ಅನ್ಯಾಯ, ಅದಕ್ಕೆ ರಿಯಾಯಿತಿಯ ಬಣ್ಣ ಬಳಿದರೂ ಅನ್ಯಾಯವೇ.

ಮುಂದಿನ ತಿಂಗಳು ಹಣ ಕೊಡುವಾಗ ಒಂದು ಕೆಲಸ ಮಾಡಿ. ನೆಟ್‌ವರ್ಕ್ ಶುಲ್ಕ ಎಷ್ಟು, ಪ್ಯಾಕಿಗೆ ಎಷ್ಟು, ತೆರಿಗೆ ಎಷ್ಟು ಎಂದು ಬಿಡಿಸಿ ಬರೆದ ಬಿಲ್ ಕೇಳಿ. ಅದು ನಿಮಗೆ ಸಲ್ಲಬೇಕಾದದ್ದು. ಮನೆಯವರೆಲ್ಲ ಕುಳಿತು ನಿಜವಾಗಿ ನೋಡುವ ಚಾನೆಲ್‌ಗಳ ಹೆಸರು ಬರೆದು, ಬಿಡಿ ಬೆಲೆಯೊಂದಿಗೆ ಹೋಲಿಸಿ. ಡಿಡಿ ಚಂದನದ 'ಥಟ್ ಅಂತ ಹೇಳಿ' ಮತ್ತು ವಾರ್ತೆಗೆ ಮಾತ್ರ ಟಿವಿ ಹಾಕುವ ಮನೆಯಾದರೆ ಡಿಡಿ ಫ್ರೀ ಡಿಶ್ ಸಾಕು. ಒಂದು ಸಲ ಡಿಶ್ ಮತ್ತು ಬಾಕ್ಸ್ ಕೊಂಡರೆ ತಿಂಗಳ ಚಂದಾ ಇಲ್ಲ, ಚಂದನ ಅದರಲ್ಲಿ ಬರುತ್ತದೆ.

ಇನ್ನು ಒಗ್ಗಟ್ಟಿನ ಮಾತು. ಒಬ್ಬರೇ ಆದರೆ ನಿಮ್ಮ ದಾರಿ ಗ್ರಾಹಕರ ಆಯೋಗ. ಆದರೆ ಸೇವೆ ಕೊಡುವವರ ವಿರುದ್ಧ ಗ್ರಾಹಕರ ಗುಂಪು ದೂರು ತಂದರೆ ವಿಚಾರಿಸುವ ಅಧಿಕಾರವನ್ನು ಟ್ರಾಯ್ ಕಾಯಿದೆಯ 14ನೇ ಸೆಕ್ಷನ್ ದೆಹಲಿಯ ಟಿಡಿಸ್ಯಾಟ್ ನ್ಯಾಯಮಂಡಳಿಗೆ ಕೊಟ್ಟಿದೆ. ಅಪಾರ್ಟ್‌ಮೆಂಟ್ ಸಂಘ, ಬಡಾವಣೆಯ ನಿವಾಸಿಗಳ ಸಂಘ, ಊರಿನ ಗ್ರಾಹಕರ ವೇದಿಕೆ ಇವೆಲ್ಲ ಈ ದಾರಿಯನ್ನು ವಿಚಾರಿಸಿ ನೋಡಬೇಕು. ಟ್ರಾಯ್ ಪ್ರತಿ ಬದಲಾವಣೆಗೆ ಮುನ್ನ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಮುಂದಿನ ಸಲ ಕೇಳಿದಾಗ ಕರ್ನಾಟಕದ ಚಂದಾದಾರರಿಂದಲೂ ಕಾಗದ ಹೋಗಲಿ. ಪ್ಯಾಕಿನ ರಿಯಾಯಿತಿಗೆ ಬಿಗಿಯಾದ ಮಿತಿ, ನೆಟ್‌ವರ್ಕ್ ಶುಲ್ಕಕ್ಕೆ ಮತ್ತೆ ಮೇಲ್ಮಿತಿ, ಚಂದಾ ಪಡೆಯುವ ಚಾನೆಲ್ಲಿಗೆ ಜಾಹೀರಾತಿನ ಮಿತಿ, ಜಿಲ್ಲೆಗೊಂದು ಚಂದಾದಾರರ ಸಲಹಾ ಮಂಡಳಿ ಎಂದು ನಾಲ್ಕು ಬೇಡಿಕೆ ಅದರಲ್ಲಿರಲಿ. ಪ್ರತಿ ಸಂಘದ ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಕೇಬಲ್ ಬಿಲ್ ಎಂದು ಒಂದು ಸಾಲು ಸೇರಿಸಿ, ಚರ್ಚಿಸಿ, ನಿರ್ಣಯ ಬರೆದು ಕಳಿಸಿ.

ಇತಿ,
ಒಬ್ಬ ಚಂದಾದಾರ